ಬೆಟ್ಟದ ತಲೆ ಮೇಲೆ 64 ಅಡಿ

ಇಂಗ್ಲೆಂಡಿನ ಸರ್ರೆ ಕೌಂಟಿಯಲ್ಲಿ ಲೀತ್ ಹಿಲ್ ಅಂತ ಒಂದು ಬೆಟ್ಟ ಇದೆ. ಎತ್ತರ 294 ಮೀಟರ್, ಅಂದರೆ 965 ಅಡಿ. ಅಲ್ಲೇ ಕೆಳಗಿನ ಲೀತ್ ಹಿಲ್ ಪ್ಲೇಸ್ ಬಂಗಲೆಯ ಜಮೀನ್ದಾರ ರಿಚರ್ಡ್ ಹಲ್ 1765ರ ಹೊತ್ತಿಗೆ ಬೆಟ್ಟದ ನೆತ್ತಿಯ ಮೇಲೆ ಒಂದು ಕಲ್ಲಿನ ಗೋಪುರ ಕಟ್ಟಿಸಿದ. ಈಗ ಅದರ ಎತ್ತರ 64 ಅಡಿ. ಬೆಟ್ಟ 1000 ಅಡಿ ದಾಟಲಿ ಅಂತ ಕಟ್ಟಿಸಿದ ಅನ್ನೋ ಮಾತಿದೆ. ಅಂದಕ್ಕೇ ಅಂತ ಕಟ್ಟಿದ ಇಂಥ ಗೋಪುರಗಳಿಗೆ ಇಂಗ್ಲಿಷಿನಲ್ಲಿ 'ಫಾಲಿ' ಅಂತಾರೆ, ಅಂದರೆ ಹುಚ್ಚಾಟ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುತ್ತೇನೆ.

ಎತ್ತರ ಹತ್ತಿದಷ್ಟೂ ಅದೇ ಲೆಕ್ಕದಲ್ಲಿ ದೂರ ಕಾಣುತ್ತೆ, ಎರಡರಷ್ಟು ಎತ್ತರಕ್ಕೆ ಹೋದರೆ ಎರಡರಷ್ಟು ದೂರ ಅಂತ ತುಂಬಾ ಜನ ನಂಬಿದ್ದಾರೆ. ಖಂಡಿತ ಹಾಗಲ್ಲ. ಎರಡರಷ್ಟು ದೂರ ಬೇಕಾದರೆ ನಾಲ್ಕರಷ್ಟು ಎತ್ತರ ಹತ್ತಬೇಕು. ಯಾಕಂದರೆ ಭೂಮಿ ನಮ್ಮಿಂದ ದೂರ ಹೋದ ಹಾಗೆ ಕೆಳಕ್ಕೆ ಬಾಗುತ್ತದೆ, ಅದೂ ದೂರದ ವರ್ಗದ ಲೆಕ್ಕದಲ್ಲಿ. 1 ಕಿಲೋಮೀಟರಿಗೆ ಸುಮಾರು 8 ಸೆಂಟಿಮೀಟರ್, ಒಂದು ಗೇಣೂ ಇಲ್ಲ. 10 ಕಿಲೋಮೀಟರಿಗೆ ಸುಮಾರು 8 ಮೀಟರ್. 60ಕ್ಕೆ 280 ಮೀಟರಿಗೂ ಜಾಸ್ತಿ. ಅಂದರೆ ಮೊದಲ ಕಿಲೋಮೀಟರ್ ನೋಡೋದಕ್ಕೆ ಗೇಣಿನೊಳಗಿನ ಎತ್ತರ ಸಾಕು, ಆದರೆ 60ರಿಂದ 61ನೇ ಕಿಲೋಮೀಟರಿಗೆ ಹೋಗೋದಕ್ಕೆ 9 ಮೀಟರಿಗಿಂತ ಜಾಸ್ತಿ ಹತ್ತಬೇಕು! ಮೊದಲ ಬಿಂದಿಗೆ ನೀರು ಕಟ್ಟೆಯಲ್ಲೇ ಸಿಕ್ಕಿ, ಆಮೇಲಿನ ಪ್ರತಿ ಬಿಂದಿಗೆಗೂ ಬಾವಿ ಇನ್ನಷ್ಟು ಆಳವಾಗುತ್ತಾ ಹೋದ ಹಾಗೆ.

ಈಗ ಹಲ್‌ನ ಗೋಪುರಕ್ಕೆ ಬನ್ನಿ. ಬೆಟ್ಟದ ಮೇಲೆ ಸುಮ್ನೆ ನಿಂತರೆ ದಿಗಂತ ಸುಮಾರು 61 ಕಿಲೋಮೀಟರ್ ದೂರ. ಗೋಪುರ ಹತ್ತಿದರೆ ಸುಮಾರು 63. (ಗಾಳಿ ಬೆಳಕನ್ನು ಸ್ವಲ್ಪ ಬಗ್ಗಿಸುವುದರಿಂದ ಎರಡೂ ಇನ್ನೊಂಚೂರು ಹಿಗ್ಗುತ್ತವೆ.) ಅಷ್ಟು ಕಲ್ಲು ಹೊತ್ತು ಹಾಕಿದ್ದಕ್ಕೆ ದಕ್ಕಿದ್ದು ಬರೀ 2 ಕಿಲೋಮೀಟರ್! ಅದೇ ಗೋಪುರ ಸಮತಟ್ಟು ಬಯಲಲ್ಲಿ ಇದ್ದಿದ್ದರೆ ಸುಮಾರು 16 ಕಿಲೋಮೀಟರ್ ಕಾಣಿಸುತ್ತಿತ್ತು.

ಇದು ಭೂಮಾಪನದವರಿಗೆ ಚೆನ್ನಾಗಿ ಗೊತ್ತಿತ್ತು. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಅಳತೆ ಶುರುಮಾಡಿದಾಗ ಅವನಿಗೆ ಬೆಟ್ಟಗಳೇ ಸಾಕಾಗಿದ್ದವು. ತಂಜಾವೂರಿನ ಬಯಲಿಗೆ ಹೋದ ಮೇಲೆ ದೇವಸ್ಥಾನದ ಗೋಪುರಗಳ ಮೊರೆ ಹೋಗಬೇಕಾಯಿತು. 1808ರಲ್ಲಿ ಅರ್ಧ ಟನ್ ತೂಕದ ಥಿಯೋಡೊಲೈಟನ್ನು, ಅಂದರೆ ದೂರದ ಗುರುತುಗಳ ಕೋನ ಅಳೆಯುವ ಯಂತ್ರವನ್ನು, ಮೇಲಕ್ಕೆ ಎಳೆಯುವಾಗ ಹಗ್ಗ ಕಿತ್ತು, ಅದು ಗೋಡೆಗೆ ಬಡಿದು ಜಖಂ ಆಯಿತು. ಲ್ಯಾಂಬ್ಟನ್ ಅದನ್ನು ಬಿಚ್ಚಿ ತಾನೇ ಕೂತು ಸರಿಮಾಡಿದ. ಗಂಗಾ ಬಯಲಿನಲ್ಲಂತೂ ಜಾರ್ಜ್ ಎವರೆಸ್ಟ್ ಅಳತೆಗೆ ಅಂತಲೇ ಗೋಪುರಗಳನ್ನು ಕಟ್ಟಿಸಿದ.

ಹಾಗಾದರೆ ಬೆಟ್ಟದ ಮೇಲೆ ಗೋಪುರ ದಂಡವಾ? ಅಲ್ಲ. ನಿಮ್ಮ ಮನೆ ತಾರಸಿಯ ನಡುವೆ ನಿಂತು ನೋಡಿ. ದೂರದ ತೆಂಗಿನ ಮರಗಳು ಕಾಣುತ್ತವೆ, ಕೆಳಗಿನ ಬೀದಿ ಕಾಣಲ್ಲ, ತಾರಸಿಯೇ ಅಡ್ಡ. ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಲ್ಲಿ, ಬೀದಿಯೂ ಎದುರುಮನೆ ಅಂಗಳವೂ ಕಣ್ಣಿಗೆ ಬೀಳುತ್ತವೆ. ಬೆಟ್ಟವೂ ಹೀಗೇ. ನೆತ್ತಿ ಗುಂಡಗಿರುತ್ತದೆ, ಅದರ ಹೆಗಲೇ ಕೆಳಗಿನ ಕಣಿವೆಯನ್ನು ಮುಚ್ಚುತ್ತದೆ, ಮೇಲೆ ಮರ ಬೇರೆ. ಜಾತ್ರೆಯಲ್ಲಿ ಅಪ್ಪನ ಹೆಗಲೇರಿದ ಮಗುವಿಗೆ ತೇರು ಹತ್ತಿರ ಬರಲ್ಲ, ಮುಂದಿನವರ ತಲೆ ತಪ್ಪುತ್ತೆ ಅಷ್ಟೆ. ಹಲ್‌ನ ಗೋಪುರ ಮಾಡಿದ್ದು ಅದನ್ನೇ.

1772ರಲ್ಲಿ ಹಲ್ ಸತ್ತಾಗ ಅವನನ್ನು ಆ ಗೋಪುರದಡಿಯಲ್ಲೇ ಹೂಳಿದರು. ಆಮೇಲೆ ಅದು ಪಾಳುಬಿತ್ತು, ಒಳಗೆಲ್ಲ ಕಲ್ಲುಮಣ್ಣು ತುಂಬಿ ಮುಚ್ಚಿಬಿಟ್ಟರು. 1864ರಲ್ಲಿ ಪಕ್ಕದ ವಾಟನ್ ಎಸ್ಟೇಟಿನ ಒಡೆಯ ಎವೆಲಿನ್ ಅದನ್ನು ಮತ್ತೆ ತೆರೆಯಲು ಹೋದಾಗ ಒಳಗಿನದ್ದು ಕದಲಲೇ ಇಲ್ಲ. ಅದಕ್ಕೇ ಹೊರಗೋಡೆಗೆ ಅಂಟಿಸಿ ಮೆಟ್ಟಿಲಿನ ಇನ್ನೊಂದು ಸಣ್ಣ ಗೋಪುರ ಎಬ್ಬಿಸಿದ. ಇವತ್ತು ಜನ ಹತ್ತುವುದು ಆ ಮೆಟ್ಟಿಲನ್ನೇ.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. ಹಲ್‌ನ ಅದೇ ಬಂಗಲೆಯಲ್ಲಿ ಮುಂದೆ ಚಾರ್ಲ್ಸ್ ಡಾರ್ವಿನ್‌ನ ಅಕ್ಕ ಕ್ಯಾರೊಲಿನ್ ಇದ್ದಳು. ಡಾರ್ವಿನ್ ಅಲ್ಲಿನ ಹೊಲದಲ್ಲಿ ಬಿದ್ದಿದ್ದ ದೊಡ್ಡ ಕಲ್ಲುಗಳು ಎಷ್ಟು ಹೂತಿವೆ ಅಂತ ಅಳೆದ. ಎರೆಹುಳುಗಳು ಅಡಿಯ ಮಣ್ಣನ್ನು ಮೇಲೆ ತಂದು ಹಾಕುತ್ತಾ ಹೋದ ಹಾಗೆ ಕಲ್ಲು ಕೆಳಗಿಳಿಯುತ್ತದೆ. ನೆಲ ಎತ್ತರಿಸುವ ಕೆಲಸ ಅಲ್ಲಿ ಹುಳುಗಳದ್ದೂ ಆಗಿತ್ತು!

ತನ್ನ ಖುಷಿಗಷ್ಟೇ ಅಲ್ಲ, ಅಕ್ಕಪಕ್ಕದವರಿಗೂ ಬಂದವರಿಗೂ ಇರಲಿ ಅಂತ ಕಟ್ಟಿಸಿದ್ದು ಎಂದು ಹಲ್ ಗೋಪುರದ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿಸಿದ್ದ. ಆಕಾಶ ತಿಳಿಯಾಗಿದ್ದ ದಿನ ಉತ್ತರಕ್ಕೆ ಲಂಡನ್ ಕಾಣುತ್ತದೆ. ದಕ್ಷಿಣಕ್ಕೆ ಸೌತ್ ಡೌನ್ಸ್ ಗುಡ್ಡಸಾಲು ಅಡ್ಡ ನಿಂತಿದೆ, ಆದರೆ ಆಡುರ್ ನದಿ ಅದನ್ನು ಕೊರೆದು ಸಂದಿ ಮಾಡಿದೆ, ಆ ಸಂದಿಯಲ್ಲಿ ಸಮುದ್ರದ ಒಂದು ಚೂರು ಹೊಳೆಯುತ್ತದೆ. ಅದನ್ನು ನೋಡಲಿ ಅಂತ ಹಲ್ ಬಂದವರ ಕೈಗೆ ದುರ್ಬೀನು ಕೊಡುತ್ತಿದ್ದ.