ಅಂಕೋಲಾದ ಕಡಲ ನೀರು ಬಳ್ಳಾರಿಯ ರೀಫ್ ಟ್ಯಾಂಕಿಗೆ

ಹವಳ, ಕಡಲ ಮೀನು ಸಾಕುವ ಗಾಜಿನ ತೊಟ್ಟಿಯೇ ರೀಫ್ ಟ್ಯಾಂಕ್. ಕರಾವಳಿಯವರು ಬೆಳಿಗ್ಗೆ ತುಂಬಿದ ಕಡಲ ನೀರನ್ನು ಮಧ್ಯಾಹ್ನವೇ ಟ್ಯಾಂಕಿಗೆ ಸುರಿಯಬಹುದು. ಬಯಲುಸೀಮೆಯ ನಮಗೆ ಆ ಕ್ರಮ ಒಗ್ಗುವುದಿಲ್ಲ. ಅಂಕೋಲಾ ಬಿಟ್ಟು ಅರಬೈಲು ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ ದಾಟಿ ಕೊಪ್ಪಳ ಸೇರಲು ಸುಮಾರು 250 ಕಿ.ಮೀ.; ಬಳ್ಳಾರಿಗೆ 340ರ ಆಸುಪಾಸು, ರಾಯಚೂರಿಗೆ ಇನ್ನೂ ದೂರ. ನೀರು ಹಾಳಾಗುವುದು ಈ ದಾರಿಯಲ್ಲೇ.

ತಿಳಿಯಾಗಿ ಕಾಣುವ ಕಡಲ ನೀರಿನಲ್ಲೂ ಪ್ಲಾಂಕ್ಟನ್ (ತೇಲುವ ಸೂಕ್ಷ್ಮಜೀವಿಗಳು), ಬ್ಯಾಕ್ಟೀರಿಯಾ ತುಂಬಿರುತ್ತವೆ. ಮುಚ್ಚಿದ ಕ್ಯಾನಿನ ಕತ್ತಲಲ್ಲಿ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಆಮ್ಲಜನಕ ಕಡಿಮೆಯಾಗುತ್ತಾ ಹೋಗಿ ಪ್ಲಾಂಕ್ಟನ್ ಸಾಯುತ್ತದೆ, ಕೊಳೆತು ಅಮೋನಿಯ ಬಿಡುತ್ತದೆ. ಇಲ್ಲೊಂದು ಮೋಸವಿದೆ. ಕ್ಯಾನಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುವುದರಿಂದ ಅಮೋನಿಯ ಬಹುಪಾಲು ನಿರಪಾಯವಾದ ಅಮೋನಿಯಂ ರೂಪದಲ್ಲಿರುತ್ತದೆ. ಟ್ಯಾಂಕಿಗೆ ಸುರಿದು ಗಾಳಿಯಾಡಿದ ಕೂಡಲೇ ಪಿಎಚ್ ಮತ್ತೆ 8.2ಕ್ಕೆ ಏರುತ್ತದೆ, ಆಗ ಒಟ್ಟು ಅಮೋನಿಯದಲ್ಲಿ ಸುಮಾರು ಶೇ. 7ರಷ್ಟು ವಿಷರೂಪಕ್ಕೆ ತಿರುಗುತ್ತದೆ. ಮೀನು ಸಾಯುವುದು ನೀರು ಬದಲಿಸಿದ ಮೇಲೆ ಎನ್ನುವುದಕ್ಕೆ ಇದೇ ಕಾರಣ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಕ್ಯಾನ್ ಚೆಲ್ಲಿಬಿಡಿ, ಉಳಿಸುವ ಯೋಚನೆ ಬೇಡ.

ಯಾವಾಗ, ಎಲ್ಲಿ

ಫೆಬ್ರುವರಿಯಿಂದ ಮೇವರೆಗಿನ ನೀರು ನಂಬಿಕೆಗೆ ಅರ್ಹ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ: ಹೊಳೆಗಳ ಸಿಹಿನೀರು, ಕೆಸರು ಒಂದು ಕಡೆ, ಆಳದಿಂದ ಮೇಲೇಳುವ ಪೋಷಕಾಂಶ ಹೆಚ್ಚಿದ, ಆಮ್ಲಜನಕ ಕಡಿಮೆಯಾದ ನೀರು ಇನ್ನೊಂದು ಕಡೆ. ಗಂಗಾವಳಿ, ಅಘನಾಶಿನಿ, ಕಾಳಿ ನದಿಗಳ ಅಳಿವೆಯಿಂದಲೂ ಮೀನುಗಾರಿಕೆ ಬಂದರುಗಳಿಂದಲೂ ದೂರವಿರಿ. ನೀರು ಹಸಿರು ಅಥವಾ ಕೆಂಪಗಿದ್ದರೆ, ರಾತ್ರಿ ಅಲೆ ನೀಲಿಯಾಗಿ ಮಿನುಗುತ್ತಿದ್ದರೆ ಅದು ಪ್ಲಾಂಕ್ಟನ್ ಉಕ್ಕಿದ ಲಕ್ಷಣ. ನೋಡಿ ಖುಷಿಪಡಿ, ತುಂಬಬೇಡಿ.

ದೋಣಿಯಲ್ಲಿ ದಡದಿಂದ ಒಂದೆರಡು ಕಿ.ಮೀ. ಒಳಗೆ ಹೋಗಿ, ಎಂಜಿನ್ ಆರಿಸಿ, ಮೇಲಿನ ಎಣ್ಣೆಪದರ ಸೇರದಂತೆ ಕ್ಯಾನಿನ ಬಾಯನ್ನು ಮೊಳದಾಳಕ್ಕೆ ಅದ್ದಿ ತುಂಬುವುದು ಒಳ್ಳೆಯದು. ದೋಣಿ ಇಲ್ಲದಿದ್ದರೆ ಭರತ ಪೂರ್ತಿ ಏರಿದ ಹೊತ್ತಿಗೆ ಬಂಡೆಯ ತುದಿಯಿಂದ ತೆಗೆಯಿರಿ. ಅಲೆ ಒಡೆಯುವ ಜಾಗದಲ್ಲಿ ಮರಳೇ ಹೆಚ್ಚು. ನೀರು ತರಬಹುದು, ಹವಳದ ಚೂರನ್ನಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಕಡಲಿನ ಗಟ್ಟಿ ಹವಳಗಳನ್ನು ರಕ್ಷಿಸುತ್ತದೆ.

ಕ್ಯಾನ್ ಮತ್ತು ಬ್ಲೀಚ್

20 ಲೀಟರ್ ಕ್ಯಾನಿನ ನೀರೇ 20.5 ಕೆಜಿ ತೂಗುತ್ತದೆ. ಐದು ಕ್ಯಾನ್ ಎಂದರೆ ನೂರು ಕೆಜಿ ದಾಟಿತು, ಕಾರಿನ ಡಿಕ್ಕಿಗೆ ಅಷ್ಟು ಸಾಕು. ಆಹಾರ ದರ್ಜೆಯ ಪ್ಲಾಸ್ಟಿಕ್ ಕ್ಯಾನ್ ಹೊಸದಾಗಿಯೇ ಕೊಳ್ಳಿ. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆಯ ಖಾಲಿ ಕ್ಯಾನ್ ನಮ್ಮ ಸೀಮೆಯಲ್ಲಿ ಎಲ್ಲೆಡೆ ಸಿಗುತ್ತವೆ. ಎಷ್ಟು ತೊಳೆದರೂ ಅವು ಬೇಡ. ಪೈರೆಥ್ರಾಯ್ಡ್ ಕೀಟನಾಶಕದ ಲವಲೇಶ ಉಳಿದರೂ ಸೀಗಡಿ, ಏಡಿ ಬದುಕುವುದಿಲ್ಲ. ಹಿತ್ತಾಳೆ ನಲ್ಲಿ, ಹಿತ್ತಾಳೆ ಜೋಡಣೆಯ ಪಂಪ್ ಕೂಡ ಬೇಡ: ಬಿಡುವ ತಾಮ್ರ ಹವಳಕ್ಕೆ ವಿಷ. ಸೋಸುವ ಬಟ್ಟೆಗೆ ಸೋಪು, ಗಂಜಿ ತಾಗಿರಬಾರದು. ತಾಗಿದ್ದರೆ ಸ್ಕಿಮ್ಮರ್ (ನೊರೆ ಎಬ್ಬಿಸಿ ಕಲ್ಮಶ ತೆಗೆಯುವ ಸಾಧನ) ನೊರೆ ಕಕ್ಕಿ ಹೇಳುತ್ತದೆ.

ಪ್ಲಾಂಕ್ಟನ್, ಬ್ಯಾಕ್ಟೀರಿಯಾ ಕೊಲ್ಲುವ ಬ್ಲೀಚನ್ನು ಮನೆಗೆ ಬಂದ ಮೇಲೆ ಹಾಕುವವರೇ ಹೆಚ್ಚು. ದೂರದವರು ದಡದಲ್ಲೇ ಹಾಕುವುದು ಲೇಸು, ಕೊಳೆಯುವಿಕೆ ಶುರುವಾಗುವುದೇ ಇಲ್ಲ. ಮೊದಲು ಬಟ್ಟೆಯಲ್ಲಿ ಸೋಸಿ, ಇಲ್ಲವಾದರೆ ಕಸವೇ ಕ್ಲೋರಿನ್ ತಿಂದುಹಾಕುತ್ತದೆ. ಸುಗಂಧ, ಮಾರ್ಜಕ ಏನೂ ಬೆರೆಯದ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 20 ಲೀಟರಿಗೆ 4 ಮಿ.ಲೀ. ಹಾಕಿದರೆ ಲೀಟರಿಗೆ 10 ಮಿ.ಗ್ರಾಂ ಕ್ಲೋರಿನ್ ಆಗುತ್ತದೆ. ಹಳೆಯ ಬಾಟಲಿಯ ಬ್ಲೀಚ್ ನಮ್ಮ ಬೇಸಿಗೆಯಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹೊಸದನ್ನೇ ಬಳಸಿ. ಬಿಸಿಲು ಬಿದ್ದರೆ ಕ್ಲೋರಿನ್ ಒಡೆಯುತ್ತದೆ, ಕ್ಯಾನ್‌ಗಳಿಗೆ ಗೋಣಿಚೀಲ ಹೊದಿಸಿ ರಾತ್ರಿ ಹೊರಡಿ.

ಮನೆಯಲ್ಲಿ ಡ್ರಮ್ಮಿಗೆ ಸುರಿದು, ಏರ್ ಪಂಪ್ ಹಚ್ಚಿ, ಕ್ಯಾನಿಗೆ ಬ್ಲೀಚ್ ಹಾಕಿ 24 ಗಂಟೆ ಆದ ಮೇಲೆ ಕ್ಲೋರಿನ್ ಅಳೆಯಿರಿ. ಉಳಿದ ಪ್ರತಿ 1 ಮಿ.ಗ್ರಾಂ ಕ್ಲೋರಿನ್ ಅಳಿಸಲು 7 ಮಿ.ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳು ಬೇಕು. 100 ಲೀಟರಿನಲ್ಲಿ ಲೀಟರಿಗೆ 3 ಮಿ.ಗ್ರಾಂ ಉಳಿದಿದ್ದರೆ 2.1 ಗ್ರಾಂ. ಮತ್ತೆ ಅಳೆದು ಸೊನ್ನೆ ಬಂದ ಮೇಲೆ ಒಂದು ದಿನ ಅಕ್ವೇರಿಯಂ ಇದ್ದಿಲಿನ (ಆಕ್ಟಿವೇಟೆಡ್ ಕಾರ್ಬನ್) ಮೂಲಕ ಹಾಯಿಸಿ, 5 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಡ್ರಮ್ಮಿನ ತಳದ 5 ಸೆಂ.ಮೀ. ಅಲ್ಲೇ ಬಿಡಿ. ಬ್ಲೀಚ್ ಒಲ್ಲದವರು ಕತ್ತಲಲ್ಲಿ, ಗಾಳಿ ಹಾಯಿಸುತ್ತಾ ಎರಡು ಮೂರು ವಾರ ಇಟ್ಟು, ಅಮೋನಿಯ ಸೊನ್ನೆಯಾದ ಮೇಲೆ ಬಳಸಬಹುದು. ಆದರೆ ಕರೆಂಟ್ ಹೋದಾಗ ಏರ್ ಪಂಪ್ ಇನ್ವರ್ಟರ್ ಮೇಲಿರಲೇಬೇಕು.

ಅಳತೆ

ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ಶುದ್ಧ ನೀರಿನಲ್ಲಿ ಸೊನ್ನೆ ಮಾಡಿದರೆ ಸಾಲದು, 35 ಪಿಪಿಟಿ (ಸಾವಿರದಲ್ಲಿ 35 ಭಾಗ ಉಪ್ಪು) ದ್ರಾವಣದಲ್ಲಿ ಸರಿಪಡಿಸಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ಪಿಪಿಟಿ ಎಂದರೆ ಸಾಪೇಕ್ಷ ಸಾಂದ್ರತೆ 1.026. ನೀರು 30 ಪಿಪಿಟಿ ಇದ್ದರೆ 35ಕ್ಕೆ ಏರಿಸಲು 100 ಲೀಟರಿಗೆ ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು ಅಕ್ವೇರಿಯಂ ಉಪ್ಪು ಬೇಕು, ಅದರಲ್ಲಿ ತೇವವಿರುತ್ತದಲ್ಲ. ಸಾಣಿಕಟ್ಟೆಯ ಉಪ್ಪು ಊಟಕ್ಕೆ ಚೆನ್ನ, ಇಲ್ಲಿಗಲ್ಲ: ಗದ್ದೆಯಲ್ಲಿ ಹರಳುಗಟ್ಟುವುದು ಬಹುಪಾಲು ಸೋಡಿಯಂ ಕ್ಲೋರೈಡ್, ಮೆಗ್ನೀಸಿಯಂ ಉಳಿದ ನೀರಿನಲ್ಲೇ ಹೋಗುತ್ತದೆ, ಕ್ಯಾಲ್ಸಿಯಂ ಅದಕ್ಕೂ ಮೊದಲೇ ಜಿಪ್ಸಮ್ ಆಗಿ ಕೂತಿರುತ್ತದೆ.

ಸಹಜ ಕಡಲ ನೀರಿನಲ್ಲಿ ಕ್ಷಾರತೆ ಸುಮಾರು 7 ಡಿಕೆಎಚ್ (ಕ್ಷಾರತೆಯ ಅಳತೆಮಾನ), ಲೀಟರಿಗೆ ಕ್ಯಾಲ್ಸಿಯಂ 410, ಮೆಗ್ನೀಸಿಯಂ 1290 ಮಿ.ಗ್ರಾಂ. ನಿಮ್ಮ ಟ್ಯಾಂಕ್ ಕೃತಕ ಉಪ್ಪಿನಲ್ಲಿ 10 ಡಿಕೆಎಚ್‌ಗೆ ಹೊಂದಿಕೊಂಡಿದ್ದರೆ ಒಂದೇ ಸಲ ಅರ್ಧ ನೀರು ಬದಲಿಸಬೇಡಿ, ಹವಳದ ತುದಿ ಸುಟ್ಟಂತಾಗುತ್ತದೆ. ವಾರಕ್ಕೆ ಶೇ. 10 ಸಾಕು. ಗಾಜಿಗೆ ಕಂದು ಪೊರೆ ಬಂದರೆ ನೀರಿನಲ್ಲಿ ಸಿಲಿಕೇಟ್ ಇತ್ತೆಂದು ತಿಳಿಯಿರಿ, ಅದು ಹೆಚ್ಚಾಗಿ ತಾನೇ ಇಳಿಯುತ್ತದೆ.

ಆವಿಯಾದಷ್ಟನ್ನು ಕಡಲ ನೀರಿನಿಂದ ತುಂಬಬೇಡಿ. ಆವಿಯಾಗುವುದು ನೀರು, ಉಪ್ಪಲ್ಲ. ರಾಯಚೂರಿನ ಏಪ್ರಿಲ್‌ನಲ್ಲಿ 200 ಲೀಟರ್ ಟ್ಯಾಂಕ್ ದಿನಕ್ಕೆ 3 ಲೀಟರ್ ಕಳೆದುಕೊಂಡರೆ, ಆ ಜಾಗಕ್ಕೆ ಸುರಿದ ಕಡಲ ನೀರು 105 ಗ್ರಾಂ ಉಪ್ಪು ಸೇರಿಸುತ್ತದೆ. ಹತ್ತು ದಿನದಲ್ಲಿ 35 ಇದ್ದದ್ದು 40 ದಾಟುತ್ತದೆ. ಬೋರ್ ನೀರೂ ಆಗದು. ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆಗೆ ಇಳಿಸಿದ ಆರ್‌ಒ ಡಿಐ ನೀರನ್ನೇ, ಅಂದರೆ ಆರ್‌ಒ ಫಿಲ್ಟರಿನ ಮೇಲೆ ಅಯಾನು ತೆಗೆಯುವ ರಾಳದಲ್ಲೂ ಹಾಯಿಸಿದ ನೀರನ್ನೇ, ದಿನವೂ ಗುರುತಿನವರೆಗೆ ತುಂಬಿ.