ಕ್ರೆಡಿಟ್ ಕಾರ್ಡ್ ಲಿಮಿಟ್ ಏರಿದ್ರೆ ಸಾಲ ಯಾಕೆ ಏರ್ತದೆ: ಸೂಲೆಲೆಸ್ ಪೇಪರ್‌ಗಳು, ನನ್ನ ನೋಟ್ಸ್

ಎಂಎ ಎಕನಾಮಿಕ್ಸ್ ಓದ್ತಾ ಇರೋರಿಗೆ, ನೆಟ್ಟು ಕೆಸೆಟ್ಟು ಅಂತ ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ತಯಾರಿ ಮಾಡ್ತಾ ಇರೋರಿಗೆ ಬರೀತಾ ಇದ್ದೇನೆ. ಕನ್ಸಂಪ್ಶನ್ ಚಾಪ್ಟರ್‌ನಲ್ಲಿ ಸಿದ್ಧಾಂತ ಎಲ್ಲರೂ ಬಾಯಿಪಾಠ ಮಾಡ್ತೇವೆ, ಆದ್ರೆ ಅದು ನಿಜವೋ ಸುಳ್ಳೋ ಅಂತ ಹೆಂಗೆ ಪರೀಕ್ಷೆ ಮಾಡಿದ್ರು ಅನ್ನೋದ್ರ ಮೇಲೆ ಪ್ರಶ್ನೆ ಬಂದ್ರೆ ಪೆನ್ನು ನಿಂತೋಗ್ತದೆ, ನಂದೂ ಒಮ್ಮೆ ನಿಂತಿತ್ತು. ಆಮೇಲೆ ಕೂತು ಓದಿದ್ದು ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ವಾರ್ಟನ್ ಸ್ಕೂಲ್‌ನ ನಿಕೋಲಸ್ ಸೂಲೆಲೆಸ್ ಅವರ ಪೇಪರ್‌ಗಳನ್ನ. ಗಣಿತ ಜಾಸ್ತಿ ಇಲ್ಲ, ಯೋಚನೆ ರಾಶಿ ಇದೆ.

ಮೊದ್ಲು ಹಿನ್ನೆಲೆ ಸ್ವಲ್ಪ. 1957ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಹೇಳಿದ್ದು ಏನಂದ್ರೆ ಮನುಷ್ಯ ಈ ತಿಂಗಳ ಕೈಗೆ ಬಂದ ದುಡ್ಡು ನೋಡಿ ಖರ್ಚು ಮಾಡೋದಲ್ಲ, ಒಟ್ಟು ದೀರ್ಘಕಾಲದಲ್ಲಿ ತನ್ನ ಆದಾಯ ಎಷ್ಟು ಅಂತ ಅಂದಾಜು ಮಾಡಿ ಅದರ ಮೇಲೆ ಖರ್ಚು ಮಾಡ್ತಾನೆ, ಅದೇ ಶಾಶ್ವತ ಆದಾಯ ಸಿದ್ಧಾಂತ. ಹಾಗಾದ್ರೆ ಮೊದಲೇ ಗೊತ್ತಿರೋ ಏರಿಳಿತಕ್ಕೆ ಖರ್ಚು ಅಲ್ಲಾಡಬಾರದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ, ಇದು ಕಾರವಾರದ ಬೈತಖೋಲ್‌ನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಅಂದ್ಮೇಲೆ ಫ್ರೀಡ್ಮನ್ ಲೆಕ್ಕದಲ್ಲಿ ಬೋಟಿಗೆ ಹೋಗೋರ ಮನೇಲಿ ಜನವರಿ ಊಟಕ್ಕೂ ಜುಲೈ ಊಟಕ್ಕೂ ವ್ಯತ್ಯಾಸ ಇರಬಾರದು. ಆದ್ರೆ ಜುಲೈನಲ್ಲಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆಗೆದು ನೋಡಿ!

ಯಾಕೆ ಹೀಗೆ ಅನ್ನೋದಕ್ಕೆ ಎರಡು ಉತ್ತರ ಇದೆ, ಇಲ್ಲೇ ಎಲ್ಲರೂ ಕಲಸುಮೇಲೋಗರ ಮಾಡೋದು. ಒಂದು, ಬೇಕಾದಾಗ ಸಾಲ ಹುಟ್ಟೋದಿಲ್ಲ, ಇದು ಲಿಕ್ವಿಡಿಟಿ ಅಡ್ಡಿ. ಇನ್ನೊಂದು, ಸಾಲ ಸಿಗ್ತದೆ ಆದ್ರೆ ನಾಳೆ ಏನಾಗ್ತದೋ ಅಂತ ಹೆದರಿ ಕೈ ಬಿಗಿ ಹಿಡಿಯೋದು, ಇದು ಮುಂಜಾಗ್ರತೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತದೆ, ಎರಡರಲ್ಲೂ ಖರ್ಚು ಕಮ್ಮಿ. ಬೇರೆ ಮಾಡಿ ತೋರಿಸೋದು ಹೆಂಗೆ?

ಇದಕ್ಕೆ ಡೇವಿಡ್ ಗ್ರಾಸ್ ಜೊತೆ ಸೂಲೆಲೆಸ್ 2002ರಲ್ಲಿ ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್‌ನಲ್ಲಿ ಬರೆದ ಪೇಪರ್ ಇದೆ. ಅಮೆರಿಕದ ಬೇರೆ ಬೇರೆ ಕಾರ್ಡ್ ಕಂಪನಿಗಳ ಲಕ್ಷಗಟ್ಟಲೆ ಕ್ರೆಡಿಟ್ ಕಾರ್ಡ್ ಖಾತೆಗಳನ್ನ ತಗೊಂಡು, ಲಿಮಿಟ್ ಏರಿಸಿದಾಗ ಸಾಲ ಎಷ್ಟು ಏರ್ತದೆ ಅಂತ ನೋಡಿದ್ರು. ಲಿಮಿಟ್ ಅಂದ್ರೆ ಆದಾಯ ಅಲ್ಲ, ನಿಮ್ಮ ಕಿಸೆಗೆ ಒಂದು ರೂಪಾಯಿನೂ ಬಂದಿಲ್ಲ, ಬೇಕಾದ್ರೆ ಸಾಲ ತಗೊಳ್ಳಿ ಅಂತ ಬಾಗಿಲು ಸ್ವಲ್ಪ ಅಗಲ ಮಾಡಿದ್ದಾರೆ ಅಷ್ಟೆ, ಹಾಗಾಗಿ ಫ್ರೀಡ್ಮನ್ ಪ್ರಕಾರ ಏನೂ ಆಗಬಾರದು. ಆದ್ರೆ ಆಯ್ತು. ಲಿಮಿಟ್ 100 ಏರಿದ್ರೆ ಸರಾಸರಿ 10ರಿಂದ 14ರಷ್ಟು ಸಾಲ ಏರಿತು. ಲಿಮಿಟ್ ಹತ್ರ ಹತ್ರ ಮುಗಿಸಿಕೊಂಡು ಕೂತವರಲ್ಲಿ ಇದು ಇನ್ನೂ ಬಹಳ ಜಾಸ್ತಿ, ಅದು ನಿರೀಕ್ಷೆ ಮಾಡಿದ್ದೇ. ಪೇಪರಿನ ಜೀವ ಇರೋದು ಮುಂದಿನ ಮಾತಲ್ಲಿ: ಲಿಮಿಟ್ಟಿಂದ ಎಷ್ಟೋ ಕೆಳಗೆ ಇದ್ದವರೂ ಸಾಲ ಏರಿಸಿದ್ರು. ಅವರಿಗೆ ಇವತ್ತು ಅಡ್ಡಿ ಏನೂ ಇರಲಿಲ್ಲ, ಹಳೇ ಲಿಮಿಟ್ಟಲ್ಲೇ ಬೇಕಾದಷ್ಟು ಜಾಗ ಖಾಲಿ ಇತ್ತು. ಅಂದ್ರೆ ಖಾಲಿ ಜಾಗಾನೇ ಅವರಿಗೆ ಆಪತ್ಕಾಲದ ಗಂಟು, ಗಂಟು ದೊಡ್ಡದಾದ ಕೂಡ್ಲೆ ಸ್ವಲ್ಪ ಧೈರ್ಯ ಬಂತು, ಕೈ ಸಡಿಲ ಆಯ್ತು. ಮುಂಜಾಗ್ರತೆ ಸಿಕ್ಕಿಬಿದ್ದಿದ್ದು ಇಲ್ಲಿ.

ನಂಗೆ ಇದು ಓದೋಕೆ ಮೊದ್ಲೇ ಅನುಭವ ಆಗಿತ್ತು ಅನ್ನಿ. ಒಂದು ಬ್ಯಾಂಕಿನವರು ನನ್ನ ಕಾರ್ಡ್ ಲಿಮಿಟ್ 50 ಸಾವಿರದಿಂದ 1.2 ಲಕ್ಷ ಮಾಡಿದ್ದೇವೆ ಅಂತ ಮೆಸೇಜ್ ಕಳಿಸಿದ್ರು, ನಾನು ತಿಂಗಳಿಗೆ 15 ಸಾವಿರ ದಾಟಿದವನೇ ಅಲ್ಲ, ಆದ್ರೂ ಆ ವರ್ಷ ಶಿರಸಿ ಮಾರಿಕಾಂಬಾ ಜಾತ್ರೆಗೆ ಮನೆಗೆ ಹೋದವ ಫ್ರಿಜ್ ತಗೊಂಡು ಬಂದೆ. ಹಳೇ ಫ್ರಿಜ್ ಸರೀ ಇತ್ತು ಮಾರಾಯ್ರೆ.

ಇಲ್ಲಿ ಒಂದು ಆಕ್ಷೇಪ ಏಳ್ತದೆ, ವೈವಾದಲ್ಲಿ ಕೇಳೇ ಕೇಳ್ತಾರೆ. ಬ್ಯಾಂಕು ಸುಮ್ಮನೆ ಯಾರಿಗೋ ಲಿಮಿಟ್ ಏರಿಸೋದಿಲ್ಲ, ಖರ್ಚು ಜಾಸ್ತಿ ಮಾಡೋ ಗಿರಾಕಿಗೇ ಏರಿಸ್ತದೆ, ಹಾಗಾದ್ರೆ ಲಿಮಿಟ್ಟಿಂದ ಖರ್ಚೋ ಖರ್ಚಿಂದ ಲಿಮಿಟ್ಟೋ? ಅದಕ್ಕೆ ಅವರು ಹಿಡಿದ ದಾರಿ ಚೊಲೋ ಇದೆ. ಎಷ್ಟೋ ಕಾರ್ಡ್ ಕಂಪನಿಗಳಲ್ಲಿ ಹಿಂದಿನ ಸಲ ಲಿಮಿಟ್ ಬದಲಾಗಿ ಇಂತಿಷ್ಟು ತಿಂಗಳು ಆಗೋ ತನಕ ಮತ್ತೆ ಆ ಖಾತೆ ಮುಟ್ಟೋದಿಲ್ಲ ಅಂತ ನಿಯಮ ಇರ್ತದೆ. ನಿಮಗೆ ಈ ತಿಂಗಳೇ ಖರ್ಚು ಬಂದಿದೆ ಅಂತ ಆ ಗಡಿಯಾರ ಬೇಗ ಓಡೋದಿಲ್ಲ. ಆ ತಿಂಗಳ ಲೆಕ್ಕಾನೇ ಇನ್‌ಸ್ಟ್ರುಮೆಂಟ್ ಆಗಿ, ಅಂದ್ರೆ ಗಿರಾಕಿಯ ಖರ್ಚಿಗೆ ಸಂಬಂಧ ಇಲ್ಲದೆ ಲಿಮಿಟ್ ಮಾತ್ರ ಅಲ್ಲಾಡಿಸೋ ಹೊರಗಿನ ಕಾರಣ ಆಗಿ, ಬಳಸಿದ್ರು. ಇಷ್ಟು ಬರೆದ್ರೆ ಆ ಪ್ರಶ್ನೆಗೆ ಸಾಕು.

ಇದೇ ಗಡಿಯಾರದ ಬುದ್ಧಿ ಇನ್ನೊಂದು ಪೇಪರಲ್ಲೂ ಇದೆ, ಜಾನ್ಸನ್, ಪಾರ್ಕರ್ ಜೊತೆ ಸೂಲೆಲೆಸ್ ಬರೆದ 2006ರದ್ದು. 2001ರಲ್ಲಿ ಅಮೆರಿಕ ಸರ್ಕಾರ ತೆರಿಗೆ ರಿಬೇಟ್ ಅಂತ ಹೆಚ್ಚಿನವರಿಗೆ 300 ಇಲ್ಲಾ 600 ಡಾಲರ್ ಚೆಕ್ ಕಳಿಸ್ತು, ಎಲ್ಲ ಚೆಕ್ ಒಂದೇ ವಾರ ಕಳಿಸೋಕಾಗದೆ ಸುಮಾರು ಹತ್ತು ವಾರ ಹಿಡೀತು, ಯಾರಿಗೆ ಯಾವ ವಾರ ಅನ್ನೋದು ಸೋಷಿಯಲ್ ಸೆಕ್ಯುರಿಟಿ ನಂಬರ್ ಅನ್ನೋ ಅಲ್ಲಿನ ಗುರುತಿನ ಸಂಖ್ಯೆಯ ಕೊನೆಯಿಂದ ಎರಡನೇ ಅಂಕಿ ನೋಡಿ ನಿರ್ಧಾರ ಆಗಿದ್ದು. ಆ ಅಂಕಿಗೂ ನಿಮ್ಮ ಸಂಬಳಕ್ಕೂ ಸಂಬಂಧವೇ ಇಲ್ಲ, ಚೀಟಿ ಎತ್ತಿದ ಹಾಗೇ. ಚೆಕ್ ಬರ್ತದೆ ಅಂತ ಮುಂಚೆನೇ ಎಲ್ಲರಿಗೂ ಗೊತ್ತಿದ್ರೂ ಕೈಗೆ ಬಂದ ಮೂರು ತಿಂಗಳಲ್ಲೇ ಜನ ಅದ್ರಲ್ಲಿ ಶೇ. 20ರಿಂದ 40ರಷ್ಟನ್ನ ಊಟ ತಿಂಡಿ ಬಟ್ಟೆ ಥರದ ಬಾಳಿಕೆ ಬರದ ಸಾಮಾನಿಗೆ ಖರ್ಚು ಮಾಡಿದ್ರು. ಮರುವರ್ಷ ಸುಮಿತ್ ಅಗರ್‌ವಾಲ್, ಚುನ್‌ಲಿನ್ ಲಿಯು ಜೊತೆ ಸೇರಿ ಅದೇ ಚೆಕ್ಕಿನ ಕಥೆಯನ್ನ ಕ್ರೆಡಿಟ್ ಕಾರ್ಡ್ ಲೆಕ್ಕದಲ್ಲಿ ನೋಡಿದ್ರು: ಮೊದಲು ಕಾರ್ಡಿನ ಸಾಲ ಕಟ್ಟಿದ್ರು, ಸ್ವಲ್ಪ ತಿಂಗಳು ಕಳೆದ ಮೇಲೆ ಖರ್ಚು ಏರಿತು. ಅಡಿಕೆ ದುಡ್ಡು ಬಂದಾಗ ನಮ್ಮ ಕಡೆ ಮೊದಲು ಸೊಸೈಟಿ ಬಾಕಿ ತೀರಿಸಿ ಆಮೇಲೆ ಮಾಡಿಗೆ ಹಂಚು ಹೊದಿಸೋ ವಿಚಾರ ತೆಗೀತಾರಲ್ಲ, ಅದೇ ಸಾಲು.

ಈಗ ನಂಗೆ ರಾಶಿ ಇಷ್ಟ ಆದ ಭಾಗ. ಗ್ರಾಸ್ ಮತ್ತು ಸೂಲೆಲೆಸ್ ಆ 2002ರ ಪೇಪರಲ್ಲೇ ಒಂದು ಒಗಟು ಎತ್ತಿ ಇಟ್ಟಿದ್ದಾರೆ. ಕಾರ್ಡಲ್ಲಿ ದುಬಾರಿ ಬಡ್ಡಿಯ ಸಾಲ ಇಟ್ಕೊಂಡ ಎಷ್ಟೋ ಜನರ ಹತ್ರ ಅದೇ ಹೊತ್ತಿಗೆ ಬ್ಯಾಂಕಲ್ಲಿ ಚಿಲ್ಲರೆ ಬಡ್ಡಿಯ ಉಳಿತಾಯ ದುಡ್ಡೂ ಇದೆ. ಯಾಕೆ ತೆಗೆದು ಕಟ್ಟೋದಿಲ್ಲ? ಲೆಕ್ಕ ಹಾಕಿ ನೋಡಿ, ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5 ಅಂತ ಇಟ್ಕೊಳ್ಳಿ, 40 ಸಾವಿರ ಬಾಕಿಗೆ ತಿಂಗಳಿಗೆ 1,400 ರೂಪಾಯಿ, ಅದ್ರ ಮೇಲೆ ಶೇ. 18 ಜಿಎಸ್‌ಟಿ 252. ಅದೇ 40 ಸಾವಿರ ವರ್ಷಕ್ಕೆ ಶೇ. 4ರಂತೆ ಉಳಿತಾಯದಲ್ಲಿ ಇದ್ರೆ ತಿಂಗಳಿಗೆ ಬರೋದು 133. ಪ್ರತಿ ತಿಂಗಳು ಒಂದೂವರೆ ಸಾವಿರ ನೀರಿಗೆ.

ಉತ್ತರ ಹುಡುಕಿದವರು ಸುಮಾರು ಜನ ಇದ್ದಾರೆ. ಐರಿನಾ ಟೆಲ್ಯುಕೋವಾ 2013ರಲ್ಲಿ ಹೇಳಿದ್ದು, ಕೆಲವು ಖರ್ಚಿಗೆ ಕಾರ್ಡ್ ನಡೆಯೋದಿಲ್ಲ, ಬಾಡಿಗೆ ಥರ, ಅಂಥ ಕೆಲವು ಖರ್ಚು ಯಾವಾಗ ಬರ್ತದೋ ಗೊತ್ತೂ ಇರೋದಿಲ್ಲ, ಅದಕ್ಕೆ ದುಡ್ಡು ಕೈಯಲ್ಲಿರಬೇಕು. ಕಾರವಾರ ಮೀನು ಮಾರ್ಕೆಟ್ಟಲ್ಲಿ ಬುಟ್ಟಿ ಮುಂದೆ ಕೂತ ಅಕ್ಕನಿಗೆ ಕ್ರೆಡಿಟ್ ಕಾರ್ಡ್ ತೋರಿಸಿದ್ರೆ ಏನಂತಾಳೆ ನೋಡಿ, ಯುಪಿಐ ಬಂದ್ರೂ ದುಡ್ಡು ಹೋಗೋದು ಹೆಚ್ಚಾಗಿ ಉಳಿತಾಯ ಖಾತೆಯಿಂದ್ಲೇ. ಬೆರ್ಟೋ, ಹಾಲಿಯಾಸೊಸ್, ರೈಟರ್ ಮೂವರದ್ದು 2009ರ ಪೇಪರ್, ಅದು ಬೇರೆಯೇ ದಿಕ್ಕು. ಒಂದು ಮನೆಯಲ್ಲಿ ಲೆಕ್ಕ ಇಡೋ ಜೀವ ಒಂದು, ಅಂಗಡಿಗೆ ಹೋಗೋ ಜೀವ ಒಂದು ಅಂತ ಇಟ್ಕೊಳ್ಳಿ, ಎರಡೂ ಒಬ್ಬನ ಒಳಗೇ ಇದ್ರೂ ಆಯ್ತು, ಲೆಕ್ಕದವ ಕಾರ್ಡ್ ಬಾಕಿ ಪೂರ್ತಿ ತೀರಿಸಿಬಿಟ್ರೆ ಅಂಗಡಿಯವನಿಗೆ ಪೂರ್ತಿ ಲಿಮಿಟ್ ತೆರೆದ ಹಾಗೆ, ಅದಕ್ಕೆ ಬೇಕಂತಲೇ ಸ್ವಲ್ಪ ಸಾಲ ಉಳಿಸ್ತಾನೆ.

ನಾನು ಇದನ್ನ ಓದಿ, ಅತಿ ಬುದ್ಧಿವಂತಿಕೆ ಇದು, ಯಾರು ಹೀಗೆ ಮಾಡ್ತಾರೆ ಅಂದ್ಕೊಂಡೆ. ಆಮೇಲೆ ನಮ್ಮ ಆಯಿ ನೆನಪಾದಳು. ಪಿಗ್ಮಿ ಗೊತ್ತಲ್ಲ, 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು, ಆಗ ಅದರ ಹೆಸರು ಬೇರೆ ಇತ್ತು, ದಿನಕ್ಕೆ ಎರಡಾಣೆ ಕೊಟ್ರೂ ಸಾಕು ಅಂತ ಮನೆ ಬಾಗಿಲಿಗೇ ಬಂದು ವಸೂಲಿ ಮಾಡೋ ಪದ್ಧತಿ ಶುರು ಮಾಡಿದ್ದು, ಈಗ ನಮ್ಮೂರ ಸೊಸೈಟಿಗಳಲ್ಲೂ ಇದೆ. ಆಯಿ ದಿನಕ್ಕೆ 50 ರೂಪಾಯಿ ಕಟ್ತಾಳೆ. ಹೋದ ವರ್ಷ ಹಲ್ಲಿನ ಖರ್ಚು ಬಂದಾಗ ಪಿಗ್ಮಿ ಮುರಿಸದೆ ಅದರ ಮೇಲೇ ಸಾಲ ತಗೊಂಡಳು. ತನ್ನ ದುಡ್ಡಿಗೆ ತಾನೇ ಬಡ್ಡಿ ಕಟ್ಟೋದು, ಅದೂ ತನಗೆ ಬರೋ ಬಡ್ಡಿಗಿಂತ ಜಾಸ್ತಿ! ನಾನು ಪೆನ್ನು ಹಿಡಿದು ಲೆಕ್ಕ ತೋರಿಸಿದೆ. ಅವಳು ಹೇಳಿದ್ದು ಇಷ್ಟೇ, "ಮುರಿಸಿದ್ರೆ ಮತ್ತೆ ಕಟ್ಟೋದು ಸುಳ್ಳು, ಸಾಲ ಆದ್ರೆ ಹೆಂಗಾದ್ರೂ ತೀರಿಸ್ತೇನೆ." ಫಿಲಿಪೈನ್ಸ್ ದೇಶದ ಮಿಂಡನಾವೊ ದ್ವೀಪದಲ್ಲಿ ಅಶ್ರಫ್, ಕಾರ್ಲಾನ್, ಯಿನ್ ಇದನ್ನೇ ಪ್ರಯೋಗ ಮಾಡಿ ನೋಡಿದ್ರು, 2006ರ ಪೇಪರ್, ಗುರಿ ಮುಟ್ಟೋ ತನಕ ತೆಗೆಯೋಕಾಗದ ಖಾತೆ ಕೊಡ್ತೇವೆ, ಬಡ್ಡಿ ಏನೂ ಜಾಸ್ತಿ ಇಲ್ಲ ಅಂದ್ರೂ ಶೇ. 28 ಜನ ತಗೊಂಡ್ರು. ತಮ್ಮ ಕೈ ತಾವೇ ಕಟ್ಟಿಕೊಳ್ಳೋಕೆ.

ಒಂದು ಎಚ್ಚರಿಕೆ. ನಮ್ಮ ಕಡೆ ಸೊಸೈಟಿಯಲ್ಲಿ ಶೂನ್ಯ ಬಡ್ಡಿ ಬೆಳೆಸಾಲ ತಗೊಂಡು ಅದೇ ದುಡ್ಡನ್ನ ಎಫ್‌ಡಿ ಇಡೋರು ಇದ್ದಾರೆ, ಅದನ್ನ ಈ ಒಗಟಿಗೆ ಉದಾಹರಣೆ ಅಂತ ಬರೀಬೇಡಿ. ಸಾಲವೂ ಇದೆ ಉಳಿತಾಯವೂ ಇದೆ ಅಂತ ನೋಡೋಕೆ ಒಂದೇ ಥರ, ಆದ್ರೆ ಅಲ್ಲಿ ಸಾಲದ ಬಡ್ಡಿಗಿಂತ ಠೇವಣಿ ಬಡ್ಡಿ ಜಾಸ್ತಿ, ಅದು ಒಗಟಲ್ಲ, ಅವರು ಲೆಕ್ಕದಲ್ಲಿ ಪಕ್ಕಾ. ನಮ್ಮ ಗ್ರೂಪಲ್ಲಿ ಇಬ್ಬರು ಹಾಗೆ ಬರೆದು ಪೂರ್ತಿ ಮಾರ್ಕ್ಸ್ ಕಳ್ಕೊಂಡಿದ್ದಾರೆ, ಅದ್ರಲ್ಲಿ ಒಬ್ಬನ ಮನೆಯಲ್ಲೇ ಅಂಥ ಎಫ್‌ಡಿ ಇದೆ.