ಪದ ಪರಿಚಯ: ವಿಸಿಟಿ ಅಂದ್ರೇನು, ಐದು ವರ್ಷ ತುಂಬಿದ್ಮೇಲೆ ಇಟ್ಕೊಳ್ಳೋದಾ ಮಾರೋದಾ

ಬ್ರಿಟನ್ನಲ್ಲಿ ಕೆಲಸ ಮಾಡೋ ನಮ್ಮವ್ರ ಮಧ್ಯೆ, ಅದ್ರಲ್ಲೂ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕನ್ಸಲ್ಟೆಂಟ್‌ಗಳ, ಅಂದ್ರೆ ಹಿರಿಯ ಡಾಕ್ಟರ್‌ಗಳ ಮಧ್ಯೆ, ಫೆಬ್ರವರಿ ಮಾರ್ಚ್ ಬಂತು ಅಂದ್ರೆ ಈ ವಿಸಿಟಿ ಮಾತು ಶುರುವಾಗುತ್ತೆ. ವೆಂಚರ್ ಕ್ಯಾಪಿಟಲ್ ಟ್ರಸ್ಟ್ ಅಂತ ಪೂರ್ತಿ ಹೆಸರು. ಇದು ಲಂಡನ್ ಸ್ಟಾಕ್ ಎಕ್ಸ್‌ಚೇಂಜಲ್ಲಿ ಲಿಸ್ಟ್ ಆಗಿರೋ ಒಂದು ಕಂಪನಿ, ನಮ್ ನಮ್ಮ ದುಡ್ಡನ್ನ ಒಟ್ಟು ಹಾಕಿ ಇನ್ನೂ ಕಣ್ಣು ಬಿಡ್ತಿರೋ ಸಣ್ಣ ಸಣ್ಣ ಕಂಪನಿಗಳಲ್ಲಿ ತೊಡಗಿಸುತ್ತೆ, 1995ರಿಂದ ಇದೆ. ಕಡಿಮೆ ಅಂದ್ರೂ 80% ದುಡ್ಡು ಸರ್ಕಾರ ಹೇಳಿದ ತರದ ಕಂಪನಿಗಳಲ್ಲೇ ಇರ್ಬೇಕು, ಅಂದ್ರೆ ಸಾಮಾನ್ಯವಾಗಿ ವ್ಯಾಪಾರ ಶುರುವಾಗಿ ಏಳು ವರ್ಷ ದಾಟಿರಬಾರದು, 250ಕ್ಕಿಂತ ಕಡಿಮೆ ಜನ ಕೆಲಸಕ್ಕಿರಬೇಕು, ಹಿಂಗೆಲ್ಲ. ಇಂಥ ಕಂಪನಿಗಳಲ್ಲಿ ಸುಮಾರು ಮುಳುಗೋದೇ ಹೆಚ್ಚು, ಅದಕ್ಕೇ ಸರ್ಕಾರ ಟ್ಯಾಕ್ಸಲ್ಲಿ ಬೆಲ್ಲ ತೋರಿಸೋದು.

ಹೊಸ ಶೇರು ತಗೊಂಡ್ರೆ ವರ್ಷಕ್ಕೆ 2 ಲಕ್ಷ ಪೌಂಡ್ ತನಕ ಹಾಕಿದ ದುಡ್ಡಿನ 30% ಇನ್‌ಕಮ್ ಟ್ಯಾಕ್ಸಲ್ಲಿ ವಾಪಸ್ ಸಿಗ್ತಿತ್ತು (ಇದಕ್ಕೇ ರಿಲೀಫ್ ಅನ್ನೋದು), 2025ರ ನವೆಂಬರ್ ಬಜೆಟ್ಟಲ್ಲಿ ಅದನ್ನ 2026 ಏಪ್ರಿಲ್ 6ರಿಂದ 20%ಗೆ ಇಳಿಸಿದ್ರು. ಡಿವಿಡೆಂಡ್‌ಗೆ ಟ್ಯಾಕ್ಸ್ ಇಲ್ಲ, ಮಾರಿದಾಗ ಲಾಭಕ್ಕೂ ಇಲ್ಲ (ನಷ್ಟ ಆದ್ರೆ ಅದನ್ನ ಬೇರೆ ಲಾಭದ ಎದುರು ಕಳೆಯೋಕೂ ಬರಲ್ಲ). ಡಾಕ್ಟರ್‌ಗಳು ಇದಕ್ಕೆ ಬೀಳೋದು ಯಾಕಂದ್ರೆ ಆದಾಯ 2.6 ಲಕ್ಷ ಪೌಂಡ್ ದಾಟ್ತಾ ಹೋದಂಗೆ ಪೆನ್ಶನ್‌ಗೆ ಹಾಕೋ ವರ್ಷದ ಮಿತಿ 60,000ದಿಂದ ಕರಗ್ತಾ ಕರಗ್ತಾ 10,000ಕ್ಕೆ ಬಂದು ನಿಲ್ಲುತ್ತೆ, ಉಳಿದ ದುಡ್ಡಿಗೆ ಏನು ಮಾಡೋದು ಅಂತ ಅಡ್ವೈಸರ್ ಹತ್ರ ಹೋದ್ರೆ ಅವ್ರು ಇದನ್ನ ತೋರಿಸ್ತಾರೆ.

ಷರತ್ತು ಒಂದೇ, ಐದು ವರ್ಷ ಇಟ್ಕೋಬೇಕು. ಅದಕ್ಕೂ ಮುಂಚೆ ಮಾರಿದ್ರೆ ರಿಲೀಫ್ ವಾಪಸ್ ಕಿತ್ಕೋತಾರೆ. ಪೂರ್ತಿ ಕಿತ್ಕೋತಾರೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಹಂಗಲ್ಲ: 30% ಇದ್ದಾಗ 10,000 ಹಾಕಿ 3,000 ರಿಲೀಫ್ ತಗೊಂಡು ನಾಲ್ಕನೇ ವರ್ಷ 7,000ಕ್ಕೆ ಮಾರಿದ್ರೆ ಮಾರಿದ ಬೆಲೆಯ 30%, ಅಂದ್ರೆ 2,100 ಕಟ್ಟಬೇಕು. ಗಂಡ ಹೆಂಡ್ತಿ ಮಧ್ಯೆ ವರ್ಗಾಯಿಸಿದ್ರೆ ಇದು ಲೆಕ್ಕಕ್ಕೆ ಬರಲ್ಲ, ಹೂಡಿದವ್ರು ತೀರ್ಕೊಂಡ್ರೂ ಕೇಳಲ್ಲ.

ಐದು ವರ್ಷ ಆಯ್ತು, ಈಗೇನು? ನನ್ನ ಪ್ರಕಾರ ಎಲ್ರೂ ಎಡವೋದು ಇಲ್ಲೇ. "30% ಆಗ್ಲೇ ಬಂದಿದೆಯಲ್ಲ, ಇನ್ನು ಬಂದಷ್ಟು ಬರ್ಲಿ ಬಿಡಿ" ಅಂತಾರೆ. ಬಂದ ರಿಲೀಫ್ ಬಂದಾಯ್ತು ಸ್ವಾಮಿ, ಇವತ್ತು ನಿಮ್ಮ ಕೈಲಿರೋದು ರಿಲೀಫ್ ಇಲ್ಲದ ಒಂದು ಶೇರು ಅಷ್ಟೇ, ಅದನ್ನ ಇವತ್ತು ಮಾರಿದ್ರೆ ಎಷ್ಟು ಬರುತ್ತೋ ಅಷ್ಟು ಕೊಟ್ಟು ಹೊಸದಾಗಿ ಕೊಳ್ತಿದ್ರಾ ನೋಡಿ. ಲೆಕ್ಕ ಹಾಕೋಣ. ಎನ್‌ಎವಿ (ಒಂದು ಶೇರಿನ ಪಾಲಿಗೆ ಬರೋ ಆಸ್ತಿಯ ಬೆಲೆ) 100 ಪೆನ್ಸ್ ಇದೆ, ಮಾರಿದ್ರೆ 95 ಸಿಗುತ್ತೆ, ವರ್ಷಕ್ಕೆ 5 ಪೆನ್ಸ್ ಡಿವಿಡೆಂಡ್ ಅಂದ್ರೆ 95ರ ಮೇಲೆ 5.26%. 2026 ಏಪ್ರಿಲ್ ನಂತ್ರ ಹೈಯರ್ ರೇಟ್‌ನವ್ರಿಗೆ ಡಿವಿಡೆಂಡ್ ಟ್ಯಾಕ್ಸ್ 35.75%, ಹಾಗಾಗಿ ಮಾಮೂಲಿ ಶೇರಲ್ಲಿ ಕೈಗೆ ಇಷ್ಟೇ ಉಳೀಬೇಕಾದ್ರೆ ಹೆಚ್ಚುಕಮ್ಮಿ 8.2% ಬರಬೇಕು. ಕೇಳೋಕೆ ಚೆನ್ನಾಗಿದೆ. ಆದ್ರೆ ಐಎಸ್‌ಎ (ಬ್ರಿಟನ್ನಿನ ಟ್ಯಾಕ್ಸ್ ಇಲ್ಲದ ಉಳಿತಾಯ ಖಾತೆ) ಇನ್ನೂ ತುಂಬಿಲ್ಲ ಅಂದ್ರೆ ಅಲ್ಲೂ ವರ್ಷಕ್ಕೆ 20,000 ತನಕ ಹಾಕಿ ಟ್ಯಾಕ್ಸ್ ಕಟ್ಟದೇನೇ ಇರಬಹುದು, ಆಗ ಈ 8.2ರ ಹೋಲಿಕೆಗೆ ಅರ್ಥ ಇಲ್ಲ.

ಇನ್ನೊಂದು, ಡಿವಿಡೆಂಡ್ ಬಂತು ಅಂದ್ರೆ ಲಾಭ ಬಂತು ಅಂತಲ್ಲ. ಐದು ವರ್ಷದಲ್ಲಿ 25 ಪೆನ್ಸ್ ಕೊಟ್ಟು ಎನ್‌ಎವಿ 100ರಿಂದ 72ಕ್ಕೆ ಇಳಿದಿದ್ರೆ ಒಟ್ಟು 97, ನಿಮ್ಮ ದುಡ್ಡನ್ನೇ ನಿಮಗೆ ಕಂತಲ್ಲಿ ವಾಪಸ್ ಕೊಟ್ಟು ಮೇಲೆ ಫೀಸು ಹಿಡ್ಕೊಂಡಿದ್ದಾರೆ. ವಾರ್ಷಿಕ ವರದೀಲಿ ಟೋಟಲ್ ರಿಟರ್ನ್ ಅನ್ನೋ ಸಾಲು ಹುಡುಕಿ, ಮುಖಪುಟದಲ್ಲಿರೋ ಡಿವಿಡೆಂಡ್ ನಂಬರ್ ಬಿಡಿ. ಆಕ್ಟೋಪಸ್ ಟೈಟನ್ ವಿಸಿಟಿಗಳಲ್ಲೇ ದೊಡ್ಡದು, ಝೂಪ್ಲಾ (ಮನೆ ಹುಡುಕೋ ವೆಬ್‌ಸೈಟ್) ತರದ ಗೆಲುವು ಕಂಡಿದ್ದು, ಅದರ ಎನ್‌ಎವಿ ಕೂಡ 2022ರಿಂದೀಚೆಗೆ ಜೋರಾಗೇ ಇಳೀತು. ಇಂಥದ್ದು ಒಂದೇ ವಿಸಿಟಿಲಿ ಎಲ್ಲಾ ಇಟ್ಟವ್ರಿಗೆ ನೋವು.

ಮಾರೋದು ಹೇಗೆ ಅನ್ನೋದೂ ಒಂದು ಕಥೆ. ಆ್ಯಪಲ್ಲಿ ಸೆಲ್ ಒತ್ತಬೇಡಿ. ಸೆಕೆಂಡ್ ಹ್ಯಾಂಡ್ ವಿಸಿಟಿ ಶೇರಿಗೆ ರಿಲೀಫ್ ಸಿಗಲ್ಲ, ಆದ್ರಿಂದ ಕೊಳ್ಳೋರೇ ಕಮ್ಮಿ. ಸಾಮಾನ್ಯವಾಗಿ ಆ ವಿಸಿಟೀನೇ ಎನ್‌ಎವಿಗಿಂತ 5% ಆಸುಪಾಸು ಕಮ್ಮಿ ಬೆಲೆಗೆ ವಾಪಸ್ ಕೊಳ್ಳುತ್ತೆ, ಅದಕ್ಕೊಬ್ಬ ಬ್ರೋಕರ್ ಇರ್ತಾನೆ, ಮುಂದಿನ ಬೈಬ್ಯಾಕ್ ಯಾವಾಗ ಅಂತ ಮೊದಲು ಫೋನ್ ಮಾಡಿ ಕೇಳಿ. ರಿಸಲ್ಟ್ ಬರೋ ಮುಂಚೆ ಕೆಲವು ದಿನ ನಿಲ್ಲಿಸಿರ್ತಾರೆ, ಬೋರ್ಡ್ ಬೇಡ ಅಂದ್ರೆ ಬೈಬ್ಯಾಕೇ ಇಲ್ಲ, ಅದು ನಿಮ್ಮ ಹಕ್ಕೇನಲ್ಲ. ಪೇಪರ್ ಸರ್ಟಿಫಿಕೇಟ್ ಇದ್ರೆ ಅದು ಎಲ್ಲಿದೆ ಅಂತ ಈಗ್ಲೇ ಹುಡುಕಿಡಿ, ಕಳ್ಕೊಂಡಿದ್ರೆ ರಿಜಿಸ್ಟ್ರಾರ್‌ಗೆ (ಶೇರು ಯಾರ ಹತ್ರ ಎಷ್ಟಿದೆ ಅಂತ ಲೆಕ್ಕ ಇಡೋರು) ಇಂಡೆಮ್ನಿಟಿ, ಅಂದ್ರೆ ಮುಂದೆ ತೊಂದರೆ ಆದ್ರೆ ನಾನೇ ಹೊಣೆ ಅನ್ನೋ ಪತ್ರ ಬರ್ಕೊಟ್ಟು ದುಡ್ಡು ಕಟ್ಟಬೇಕು. ಡಿವಿಡೆಂಡನ್ನ ಮತ್ತೆ ಶೇರಾಗೇ ತಗೊಂಡಿದ್ರೆ ಒಂದೊಂದು ಕಂತಿಗೂ ಐದು ವರ್ಷ ಬೇರೆ ಬೇರೆ, ಮೊದಲು ತಗೊಂಡಿದ್ದೇ ಮೊದಲು ಮಾರಿದಂಗೆ ಲೆಕ್ಕ, ಹಾಗಾಗಿ ಪೂರ್ತಿ ಖಾಲಿ ಮಾಡೋ ಮುಂಚೆ ತಾರೀಖು ನೋಡ್ಕೊಳ್ಳಿ.

ಕೆಲವ್ರು ಹಳೇದು ಮಾರಿ ಆ ದುಡ್ಡಲ್ಲೇ ಬೇರೆ ವಿಸಿಟಿ ತಗೊಂಡು ಮತ್ತೆ ರಿಲೀಫ್ ತಗೋತಾರೆ. 10,000 ಬೆಲೆಯದ್ದಕ್ಕೆ 9,500 ಬರುತ್ತೆ, 3% ಚಾರ್ಜ್ ಅಂತ ಇಟ್ಕೊಂಡ್ರೆ 9,215 ಬೆಲೆಯ ಹೊಸ ಶೇರು, ಜೊತೆಗೆ 1,900 ರಿಲೀಫ್, ಒಟ್ಟು 11,115. 30% ಇದ್ದಾಗ 12,065 ಆಗ್ತಿತ್ತು, ಈಗ ಆ ರುಚಿ ಕಮ್ಮಿ ಆಗಿದೆ, ಮತ್ತೆ ಐದು ವರ್ಷ ಕಟ್ಟಿ ಹಾಕ್ಕೊಂಡಂಗೂ ಆಯ್ತು. ಆದ್ರೂ ಆ ವರ್ಷ ಅಷ್ಟು ಟ್ಯಾಕ್ಸ್ ಕಟ್ಟೋ ಆದಾಯ ಇದ್ದು, ಹಳೇ ಮ್ಯಾನೇಜರ್ ಮೇಲೆ ನಂಬಿಕೆ ಹೋಗಿದ್ರೆ ನಾನಂತೂ ಇದಕ್ಕೇ ಓಟು ಹಾಕ್ತೀನಿ. ಅದೇ ವಿಸಿಟಿನ ಮಾರಿ ಅದೇ ವಿಸಿಟಿನ ಕೊಳ್ಳಂಗಿಲ್ಲ, ಹಿಂದೆ ಮುಂದೆ ಆರು ತಿಂಗಳೊಳಗೆ ಹಂಗೆ ಮಾಡಿದ್ರೆ ಮಾರಿದಷ್ಟಕ್ಕೆ ರಿಲೀಫ್ ಕಟ್.

ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೊರಟವ್ರ ಲೆಕ್ಕ ಮಾತ್ರ ಪೂರ್ತಿ ಬೇರೆ. ಬ್ರಿಟನ್ ಬಿಟ್ಟಿದ್ದಕ್ಕೇ ಅಂತ ರಿಲೀಫ್ ವಾಪಸ್ ಕೇಳಲ್ಲ, ಆದ್ರೆ ಅಲ್ಲಿ ಟ್ಯಾಕ್ಸ್ ಫ್ರೀ ಅನ್ನೋ ಮಾತನ್ನ ನಮ್ಮ ಇನ್‌ಕಮ್ ಟ್ಯಾಕ್ಸ್‌ನವ್ರು ಒಪ್ಪಲ್ಲ. ಆರ್‌ಎನ್‌ಒಆರ್ (ವಾಪಸ್ ಬಂದ ಹೊಸತರಲ್ಲಿ ಟ್ಯಾಕ್ಸ್ ಲೆಕ್ಕಕ್ಕೆ ಸಿಗೋ ಅರೆ ನಿವಾಸಿ ಸ್ಥಾನ) ಇರೋವರೆಗೂ ಹೊರಗಡೆ ಬಂದ ಆದಾಯಕ್ಕೆ ತೊಂದರೆ ಇಲ್ಲ, ಅದು ಮುಗಿದ ಮೇಲೆ ಡಿವಿಡೆಂಡ್ ನಿಮ್ಮ ಸ್ಲ್ಯಾಬಿಗೆ ಸೇರುತ್ತೆ, 24 ತಿಂಗಳು ದಾಟಿದ ಶೇರು ಮಾರಿದ ಲಾಭಕ್ಕೆ 12.5%, ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ (ಹೊರದೇಶದ ಆಸ್ತಿ ಪಟ್ಟಿ) ತುಂಬೋ ಕೆಲಸ ಬೇರೆ. ಐದು ವರ್ಷ ಮುಗಿದಿರೋ ವಿಸಿಟಿ ಇದ್ರೆ ಆ ಆರ್‌ಎನ್‌ಒಆರ್ ಅವಧಿ ಮುಗಿಯೋದ್ರೊಳಗೆ ಬೈಬ್ಯಾಕಿಗೆ ಕೊಟ್ಬಿಡೋದು ವಾಸಿ, ಬೈಬ್ಯಾಕ್ ವರ್ಷಕ್ಕೆ ಕೆಲವೇ ಸಲ ಇರೋದ್ರಿಂದ ಟಿಕೆಟ್ ಬುಕ್ ಮಾಡೋವಾಗ್ಲೇ ಬ್ರೋಕರ್‌ಗೂ ಒಂದು ಫೋನ್ ಹಾಕಿ.